ಬೆಳಕು ಬಂದ ಕಡೆ ನೋಡಬೇಡಿ

ಸೆಪ್ಟೆಂಬರ್ 2, ಮಂಗಳವಾರ

ದಿನಚರಿ ಗಿನಚರಿ ಬರೆಯುವಷ್ಟು ಪುರುಸೊತ್ತು ನನಗೆ ಯಾವತ್ತೂ ಇರಲಿಲ್ಲ. ಇವತ್ತು ಎಲ್ಲಾದರೂ ಕಕ್ಕಿಕೊಳ್ಳದಿದ್ದರೆ ಅತ್ತೆಯ ಮೇಲೆ ಹರಿಹಾಯ್ದುಬಿಡುತ್ತೇನೆ. ಆಮೇಲೆ ವಾರವಿಡೀ ಮುಖ ಊದಿಸಿಕೊಂಡಿರುವ ಅವರನ್ನು ಸಮಾಧಾನ ಮಾಡುವ ಕೆಲಸವೂ ನನ್ನ ತಲೆಗೇ ಬರುತ್ತದೆ. ಅದಕ್ಕಿಂತ ಇದೇ ವಾಸಿ.

ಮಗಳ ಶಾಲೆಯಿಂದ ಕರೆ ಬಂದಿತ್ತು. ಒಂದು ಕಡೆ ಮೂರನೇ ಕ್ಲಾಸಿನ ಟೀಚರ್, ಇನ್ನೊಂದು ಕಡೆ ಓದಲು ಕಷ್ಟಪಡುವ ಮಕ್ಕಳಿಗೆಂದೇ ಇರುವ ಓದಿನ ಟೀಚರ್, ನಡುವೆ ನಾನು, ನನ್ನ ಪಕ್ಕದಲ್ಲಿ ಬ್ಯಾಗಿನ ಪಟ್ಟಿ ಕಚ್ಚುತ್ತ ಮಿಣುಕಿ. ತೊಟ್ಟಿಲಲ್ಲಿದ್ದಾಗ ಮಿಣುಕಿದ್ದೆಲ್ಲದರ ಹಿಂದೆ ಕಣ್ಣು ಓಡಿಸುತ್ತಿದ್ದಳೆಂದು ಅತ್ತೆ ಇಟ್ಟ ಹೆಸರು ಅದು. ಎಂಟು ವರ್ಷ ತುಂಬಿದರೂ ಮನೆಯಲ್ಲಿ ಅದೇ ಉಳಿದಿದೆ. ಅವಳ ಕೈಗೆ ಒಂದು ಪುಟ ಕೊಟ್ಟು ಓದಿಸಿದರು. ಮೊದಲ ಪದಕ್ಕೇ ತಡವರಿಸಿದಳು. ಕಣ್ಣು ಮುಂದೆ ಹೋಯಿತು, ಹಿಂದೆ ಬಂತು, ಕೆಳಗಿನ ಸಾಲಿಗೆ ಜಾರಿತು, ಕೊನೆಗೆ ಕಿಟಕಿಯಾಚೆ ಹೋದ ಕಾಗೆಯ ಹಿಂದೆ ಹಾರಿತು. ಓದಿದ್ದು ಮೂರು ಪದ, ಅದರಲ್ಲಿ ಎರಡು ತಪ್ಪು.

ಇದಕ್ಕೆ ಡಿಸ್ಲೆಕ್ಸಿಯಾ ಅನ್ನುತ್ತಾರೆ ಎಂದರು ಓದಿನ ಟೀಚರ್. ದಡ್ಡತನವಲ್ಲ, ಸೋಮಾರಿತನವೂ ಅಲ್ಲ, ಅಕ್ಷರವನ್ನೂ ಅದರ ಸದ್ದನ್ನೂ ಕೂಡಿಸುವುದು ಇವಳಿಗೆ ಕಷ್ಟ, ಬೇರೆ ಥರ ಹೇಳಿಕೊಡಬೇಕು, ನಿಧಾನವಾಗಿ ಬರುತ್ತದೆ ಎಂದೆಲ್ಲ ಸಮಾಧಾನದ ಮಾತು. ಕ್ಲಾಸ್ ಟೀಚರ್ ಅಷ್ಟು ಸುತ್ತಿ ಬಳಸಲಿಲ್ಲ. ವರ್ಷದ ಕೊನೆಗೆ ಓದು ಬರದಿದ್ದರೆ ಇದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಿಸುತ್ತೇವೆ ಎಂದರು, ಮಗುವಿನ ಎದುರಿಗೇ.

ಬರುವಾಗ ದಾರಿಯಲ್ಲಿ ಮಿಣುಕಿ ಕೇಳಿದಳು: "ಎಲ್ಲರೂ ಮುಂದೆ ಹೋದ್ರೆ ನಾನೊಬ್ಳೇ ಚಿಕ್ಕೋರ ಜೊತೆ ಕೂರ್ಬೇಕಾ ಅಮ್ಮ?"

ನಾನಿರುವಾಗ ಹಾಗಾಗಲು ಬಿಡುವುದಿಲ್ಲ ಎಂದೆ. ಎಂದುಬಿಟ್ಟಿದ್ದೇನೆ, ಈಗ ಮಾಡಿ ತೋರಿಸಬೇಕು.

ಸೆಪ್ಟೆಂಬರ್ 5, ಶುಕ್ರವಾರ

ಕಣ್ಣಾಸ್ಪತ್ರೆಯಲ್ಲಿ ನನ್ನದು ಕಿಟಕಿಯಿಲ್ಲದ ಕೋಣೆ. ಅದರೊಳಗೆ ದೊಡ್ಡ ಬಿಳಿ ಬಟ್ಟಲಿನಂಥ ಯಂತ್ರ. ರೋಗಿ ಗಲ್ಲ ಊರಿ ಬಟ್ಟಲೊಳಗೆ ನೋಡುತ್ತ ಕೂರಬೇಕು. ನಡುವೆ ಒಂದು ಚುಕ್ಕಿ. ಸುತ್ತ ಅಲ್ಲಲ್ಲಿ ಸಣ್ಣ ಬೆಳಕು ಮಿಂಚಿ ಮಾಯವಾಗುತ್ತದೆ. ಕಂಡರೆ ಗುಂಡಿ ಒತ್ತಬೇಕು, ಆದರೆ ಕಣ್ಣು ಮಾತ್ರ ಚುಕ್ಕಿ ಬಿಟ್ಟು ಕದಲಬಾರದು. ನೋಟದ ಅಂಚು ಎಷ್ಟು ಉಳಿದಿದೆಯೆಂದು ಅಳೆಯುವುದು ಹೀಗೆ. ಬೆಳಗಿನಿಂದ ಸಂಜೆವರೆಗೆ ನನ್ನ ಬಾಯಲ್ಲಿ ಒಂದೇ ಮಂತ್ರ: "ನಡುವಿನ ಚುಕ್ಕಿ ನೋಡಿ, ಬೆಳಕು ಬಂದ ಕಡೆ ನೋಡಬೇಡಿ." ಘಟಾನುಘಟಿಗಳೂ ತಪ್ಪುತ್ತಾರೆ. ನಿನ್ನೆ ಒಬ್ಬ ನಿವೃತ್ತ ಜಡ್ಜು, ಬೆಳಕು ಬಂದರೆ ನೋಡದೆ ಇರೋಕೆ ನಾನೇನು ಕಲ್ಲಾ ಎಂದು ನನ್ನ ಮೇಲೇ ರೇಗಿದರು. ಕಣ್ಣಿಗೂ ಶಿಸ್ತು ಬೇಕು ಸಾರ್ ಎಂದೆ. ಜಡ್ಜಿಗೇ ತೀರ್ಪು ಕೊಟ್ಟೆ ಅಂತ ನರ್ಸುಗಳೆಲ್ಲ ನಕ್ಕಿದ್ದೇ ನಕ್ಕಿದ್ದು.

ಇವತ್ತು ಊಟದ ಹೊತ್ತಿನಲ್ಲಿ ನಮ್ಮ ಕಿರಿಯ ಡಾಕ್ಟರ್ ಸಿಬ್ಬಂದಿಗೆಲ್ಲ ಒಂದು ಉಪನ್ಯಾಸ ಕೊಟ್ಟರು. ಇಂಥದ್ದಕ್ಕೆ ನಾನು ಹೋಗುವುದೇ ತೂಕಡಿಸಲು. ಆದರೆ ಇವತ್ತಿನದು ಓದಲು ಬಾರದ ಮಕ್ಕಳ ವಿಷಯ. ಅಂಥ ಮಕ್ಕಳಲ್ಲಿ ಕೆಲವರಿಗೆ ಕಣ್ಣನ್ನು ಒಂದೆಡೆ ನಿಲ್ಲಿಸುವ ಹಿಡಿತ ಕಡಿಮೆಯಂತೆ. ಎಡಕ್ಕೆ ಬೆಳಕು ಬಂದರೆ ಬಲಕ್ಕೆ ನೋಡು, ಬಲಕ್ಕೆ ಬಂದರೆ ಎಡಕ್ಕೆ ನೋಡು ಎಂದು ಆಟ ಆಡಿಸಿ ಹಿಡಿತ ಬರಿಸಿದವರಿದ್ದಾರಂತೆ. ಕೂತಲ್ಲೇ ನನಗೆ ಮೈ ಜುಮ್ಮೆಂದಿತು. ರೋಗಿ ಕಾಯುತ್ತಿದ್ದುದರಿಂದ ಅರ್ಧಕ್ಕೇ ಎದ್ದು ಬರಬೇಕಾಯಿತು. ಹೋಗಲಿ, ಬೇಕಾದ್ದು ಕಿವಿಗೆ ಬಿದ್ದಾಗಿತ್ತು.

ಅಕ್ಷರವಂತೆ, ಸದ್ದಂತೆ. ಕಾಗೆಯ ಹಿಂದೆ ಹಾರಿದ ಕಣ್ಣು ಆ ಟೀಚರಿಗೆ ಕಾಣಲಿಲ್ಲ, ನನಗೆ ಕಂಡಿತು. ಕಣ್ಣು ನಿಲ್ಲಿಸುವುದು ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು?

ಸೆಪ್ಟೆಂಬರ್ 7, ಭಾನುವಾರ

ನಮ್ಮ ಮನೆಯವರು ಲಿಫ್ಟ್ ರಿಪೇರಿ ಮಾಡುವವರು. ವೈರು, ಬಲ್ಬು ಎಂದರೆ ಊಟ ಬಿಟ್ಟು ಕೂರುತ್ತಾರೆ. ಹೇಳಿದ್ದೇ ತಡ, ಒಂದು ಉದ್ದ ಹಲಗೆಗೆ ಕಪ್ಪು ಬಣ್ಣ ಬಳಿದು, ನಡುವೆ ಕೆಂಪು ಚುಕ್ಕಿ ಇಟ್ಟು, ಎರಡು ತುದಿಗೆ ಒಂದೊಂದು ಬಲ್ಬು ಕೂರಿಸಿ, ಸ್ವಿಚ್ಚು ನನ್ನ ಕೈಗೆ ಕೊಟ್ಟರು.

ಸಂಜೆ ಎಲ್ಲರೂ ಆಡಿದೆವು. ಮಿಣುಕಿಯ ಕಣ್ಣು ಪ್ರತಿ ಸಲವೂ ಬೆಳಕಿನ ಕಡೆಗೇ ಓಡುತ್ತಿತ್ತು, ಓಡಿದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಇವರೂ ತಪ್ಪಿದರು. ಅತ್ತೆಯಂತೂ ಎರಡು ಕಡೆಗೂ ತಲೆ ತಿರುಗಿಸಿ ತಿರುಗಿಸಿ, ಕತ್ತು ಹಿಡೀತು ಕಣ್ರೋ ಎಂದು ಎದ್ದೇಬಿಟ್ಟರು. ಬಹಳ ದಿನವಾಗಿತ್ತು ಮನೆಯಲ್ಲಿ ಇಷ್ಟು ನಗು ಕೇಳಿ.

ಸೆಪ್ಟೆಂಬರ್ 18, ಗುರುವಾರ

ಬಂತು. ಹಿಡಿತ ಬಂತು. ಇವತ್ತು ಹತ್ತಕ್ಕೆ ಎಂಟು ಸಲ ಕಣ್ಣು ಬೆಳಕಿಗೆ ಬೆನ್ನು ಹಾಕಿತು. ನಾನು ಎತ್ತಿ ಮುದ್ದಾಡಿದೆ. ಈ ನಡುವೆ ಅವಳನ್ನು ಹಾಗೆ ಎತ್ತಿಕೊಂಡಿರಲೇ ಇಲ್ಲವೆಂದು ಎತ್ತಿಕೊಂಡ ಮೇಲೆ ಗೊತ್ತಾಯಿತು, ಕಾಲು ನೆಲಕ್ಕೆ ತಾಗುವಷ್ಟು ಉದ್ದವಾಗಿದ್ದಾಳೆ.

"ಇದ್ರಲ್ಲಿ ನಾನು ಫಸ್ಟ್ ಅಲ್ವಾ ಅಮ್ಮ?" ಎಂದು ನನ್ನ ಕತ್ತು ತಬ್ಬಿಕೊಂಡು ಕೇಳಿದಳು. ಹೌದು ಕಂದಾ, ಇದರಲ್ಲಿ ನೀನೇ ಫಸ್ಟ್ ಎಂದೆ. ಹಾಲು ಕುಡಿದಷ್ಟು ಸಂತೋಷ ಇಬ್ಬರಿಗೂ.

ಓದಿನ ಟೀಚರ್ ಅಕ್ಷರದ ಬಿಲ್ಲೆಗಳನ್ನು ಕಳಿಸಿದ್ದಾರೆ. ದಿನಾ ಒಂದಿಷ್ಟು ಹೊತ್ತು ಸದ್ದು ಕೂಡಿಸುವ ಆಟ ಆಡಿಸಬೇಕಂತೆ. ಹಲಗೆಗೇ ಹೊತ್ತು ಸಾಲುವುದಿಲ್ಲ. ಬಿಲ್ಲೆಗಳನ್ನು ಕಪಾಟಿನ ಮೇಲಿಟ್ಟೆ. ನಾಳೆಯಿಂದ ಬೆಳಿಗ್ಗೆಯೂ ಹಲಗೆ.

ಸೆಪ್ಟೆಂಬರ್ 29, ಸೋಮವಾರ

ಅವಳು ತಲೆ ಅಲ್ಲಾಡಿಸುತ್ತಾಳೆಂದು ಆಸ್ಪತ್ರೆಯ ಗೋದಾಮಿನಿಂದ ಗಲ್ಲ ಊರುವ ಹಳೇ ಸ್ಟ್ಯಾಂಡು ಕೇಳಿ ತಂದೆ. ಈಗ ನೋಡಿ ಹೇಗೆ ಕೂರುತ್ತಾಳೆ. ಇವತ್ತು ಅಭ್ಯಾಸದಲ್ಲಿ ನನಗೇ ತಿಳಿಯದೆ, "ಚುಕ್ಕಿ ನೋಡಿ, ಕದಲಬೇಡಿ" ಎಂದುಬಿಟ್ಟೆ. ಮಗಳಿಗೆ ಬಹುವಚನ! ಅವಳು ನಗುತ್ತಾಳೆ ಅಂದುಕೊಂಡೆ. "ಆಯ್ತು" ಎಂದಳು, ಥೇಟ್ ನನ್ನ ರೋಗಿಗಳ ಹಾಗೆ.

ಸಂಜೆ ಇವರು ಬಾಗಿಲು ತೆಗೆದು ಒಳಗೆ ಬಂದು ಎಂದಿನಂತೆ ಕೈ ಬೀಸಿದರು. ಮಿಣುಕಿ ಪಟ್ಟನೆ ಎದುರು ಗೋಡೆಯ ಕಡೆ ತಿರುಗಿದಳು. ಏನಾಯ್ತು, ಕೋಪಾನಾ ಎಂದು ಇವರು ಕೇಳಿದ ಮೇಲೆ ನಿಧಾನವಾಗಿ ತಿರುಗಿ ನಕ್ಕಳು. ನನಗೆ ತಮಾಷೆ ಎನಿಸಿತು. ಮೊದಲು ಬಾಗಿಲು ಕಿರ್ರೆಂದರೆ ಸಾಕು, ಪುಸ್ತಕ ಎಸೆದು ಓಡುತ್ತಿದ್ದವಳು.

ಓದು ಇನ್ನೂ ಹಾಗೇ ಇದೆ. ಅಡಿಪಾಯ ಆಗುತ್ತಿದೆ, ಗೋಡೆ ಆಮೇಲೆ.

ಅಕ್ಟೋಬರ್ 6, ಸೋಮವಾರ

ಬಲ್ಬಿಗೆ ಬಗ್ಗುತ್ತಿಲ್ಲ ಇವಳು, ಅಷ್ಟು ಪಳಗಿದ್ದಾಳೆ. ಅದಕ್ಕೆ ಹೋದ ವಾರ ಹೊಸದೊಂದು ಸೇರಿಸಿದೆ. ನಡುವೆ ಇದ್ದಕ್ಕಿದ್ದಂತೆ "ಮಿಣುಕಿ, ಇಲ್ನೋಡು" ಎನ್ನುತ್ತೇನೆ. ಒಂದೊಂದು ಸಲ "ಅಯ್ಯೋ, ಅಲ್ನೋಡು" ಎನ್ನುತ್ತೇನೆ, ಹೆದರಿದವಳ ಹಾಗೆ. ನೋಡಿದರೆ ಸೋತಳು. ಕರೆದ ಕಡೆ ಬಿಟ್ಟು ಬೇರೆ ಕಡೆ ನೋಡಿದರೆ ಗೆದ್ದಳು. ಕ್ಲಾಸಿನಲ್ಲಿ ಯಾರು ಕರೆದರೂ ಏನು ಬಿದ್ದರೂ ಕಣ್ಣು ಪುಸ್ತಕ ಬಿಡಬಾರದಲ್ಲ.

ಮೊದಲೆರಡು ದಿನ ಪಾಪ ಮೋಸಹೋದಳು. ಒಮ್ಮೆ ಅತ್ತೂಬಿಟ್ಟಳು, ಅಮ್ಮ ನೀನು ನಿಜವಾಗ್ಲೂ ಕರೆದೆ ಅಂದ್ಕೊಂಡೆ ಎಂದು. ಈಗ ಮೋಸಹೋಗುವುದಿಲ್ಲ. "ತಪ್ಪಿಸೋಕೆ ಹೇಳ್ತಿದ್ದೀಯ, ನಂಗೊತ್ತು" ಎಂದು ತುಟಿಯಂಚಿನಲ್ಲೇ ನಗುತ್ತಾಳೆ.

ಅಕ್ಟೋಬರ್ 14, ಮಂಗಳವಾರ

ಆಟದ ಹೊತ್ತಿನಲ್ಲಿ ಕೆನ್ನೆಗೆ ಚೆಂಡು ಬಡಿದು ಶಾಲೆಯಿಂದ ಫೋನ್ ಮಾಡಿದರು. ಎದುರಿಗೇ ಬರುತ್ತಿತ್ತಂತೆ, ಮಕ್ಕಳೆಲ್ಲ ಕೂಗಿದರಂತೆ, ಇವಳು ಮುಖ ತಿರುಗಿಸಿಕೊಂಡು ನಿಂತಳಂತೆ. ಚೆಂಡು ಎಂದ ಮೇಲೆ ಯಾರಿಗಾದರೂ ಒಬ್ಬರಿಗೆ ಬಡಿಯುತ್ತದೆ. ಆಟದ ಟೀಚರ್ ಅದನ್ನೇ ರಾಗ ಎಳೆದು ಎಳೆದು ಹೇಳಿದ್ದಕ್ಕೆ ರೇಗಿತು.

ಅಕ್ಟೋಬರ್ 15, ಬುಧವಾರ

ಕೆನ್ನೆ ಊದಿದೆ. ಆದರೂ ಹಲಗೆಯ ಮುಂದೆ ಕೂತಳು. ತಪ್ಪಿಲ್ಲ.

ಅಕ್ಟೋಬರ್ 24, ಶುಕ್ರವಾರ

ಅತ್ತೆಯ ಜೊತೆ ಜೋರಾಗಿಯೇ ಆಯಿತು. ದಿನಾ ಶಾಲೆಯಿಂದ ಮಿಣುಕಿಯನ್ನು ಕರೆತರುವವರು ಅವರು. ಬೇಕರಿ ತಿರುವಿನಲ್ಲಿ ಪಕ್ಕದ ಗಲ್ಲಿಯಿಂದ ಸೈಕಲ್ಲೊಂದು ಬಂತಂತೆ. ಬೆಲ್ಲು ಹೊಡೆದರೂ ಇವಳು ಆ ಕಡೆ ನೋಡಲಿಲ್ಲವಂತೆ, ಅತ್ತೆ ಕೈ ಎಳೆಯದಿದ್ದರೆ ಮೈಮೇಲೇ ಬರುತ್ತಿತ್ತಂತೆ. ಚಪ್ಪಲಿ ಬಿಡುವುದಕ್ಕೆ ಮೊದಲೇ ಶುರು ಮಾಡಿದರು.

"ನೋಡಮ್ಮ, ಈ ಮಗು ಕರೆದ ಕಡೆ ನೋಡ್ತಿಲ್ಲ. ಬಾಗಿಲು ತೆಗೆದ್ರೆ ಗೋಡೆ ನೋಡುತ್ತೆ. ತಟ್ಟೆ ಬಿದ್ರೆ ಸೂರು ನೋಡುತ್ತೆ. ಅದೇನು ಕಲಿಸ್ತಿದ್ದೀಯೋ, ನಂಗೆ ಭಯ ಆಗ್ತಿದೆ."

ಕಂಡಿದ್ದಕ್ಕೆಲ್ಲ ಕತ್ತು ತಿರುಗಿಸುವುದು ನಿಂತಿದೆ ಅತ್ತೆ, ಅದನ್ನೇ ಏಕಾಗ್ರತೆ ಅನ್ನುವುದು ಎಂದೆ. ಇಷ್ಟು ವರ್ಷ ನೀವು ಗಿಲಕಿ ಆಡಿಸಿ ಆಡಿಸಿ ಅವಳ ಕಣ್ಣು ಕೆಡಿಸಿದ್ದು ಸಾಕು ಎಂದೂ ಸೇರಿಸಿದೆ. ಅಷ್ಟು ಹೇಳಬಾರದಿತ್ತೇನೋ. ಅವರ ಮುಖ ಸಣ್ಣದಾಯಿತು. ಹೆಸರಿಟ್ಟವರೇ ಅವರಲ್ಲವೇ.

ಮಿಣುಕಿ ಅಲ್ಲೇ ಇದ್ದಳು. ನಾವು ಕೂಗಾಡುವಾಗ ಇಬ್ಬರನ್ನೂ ನೋಡಲಿಲ್ಲ.

ನವೆಂಬರ್ 3, ಸೋಮವಾರ

ಇವತ್ತು ಶಾಲೆಗೆ ರಜೆಯಿದ್ದುದರಿಂದ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಟ್ಟಲು ಯಂತ್ರದ ಮುಂದೆ ಕೂರಿಸಿದೆ. ಇಷ್ಟು ವರ್ಷದ ಕೆಲಸದಲ್ಲಿ ಇಂಥ ಕಣ್ಣು ನಾನು ಕಂಡಿಲ್ಲ. ಪರೀಕ್ಷೆ ಮುಗಿಯುವವರೆಗೆ ಒಂದೇ ಒಂದು ಸಲ ಚುಕ್ಕಿ ಬಿಟ್ಟು ಕದಲಲಿಲ್ಲ. ಪ್ರಿಂಟು ಹಿಡಿದು ಕಿರಿಯ ಡಾಕ್ಟರ ಹತ್ತಿರ ಓಡಿದೆ. ನಿಮ್ಮ ಉಪನ್ಯಾಸದಿಂದಲೇ ಆದದ್ದು ಡಾಕ್ಟ್ರೇ ಎಂದೆ.

ಬೆನ್ನು ಚಪ್ಪರಿಸುತ್ತಾರೆ ಅಂದುಕೊಂಡಿದ್ದರೆ ಅವರು ಪ್ರಿಂಟು ನೋಡಿ, ಮಗುವನ್ನು ನೋಡಿ, ಓದು ಹೇಗಿದೆ ಎಂದರು. ಬರುತ್ತದೆ ಎಂದೆ. ಒಂದು ಪುಸ್ತಕ ತೆಗೆದು ನನ್ನ ಮುಂದೆ ಇಟ್ಟರು. ನನಗೆ ಗೊತ್ತೇ ಇಲ್ಲದ ಯಾವುದೋ ಲಿಪಿ. ಓದುವ ಪ್ರಯತ್ನ ಮಾಡಿ ಎಂದು ಹೇಳಿ ನನ್ನ ಕಣ್ಣಿನ ವಿಡಿಯೋ ಫೋನಿನಲ್ಲಿ ತೆಗೆದರು. ಆಮೇಲೆ ತೋರಿಸಿದರು. ನನ್ನ ಕಣ್ಣು ಮುಂದೆ ಹೋಗಿ ಹಿಂದೆ ಬಂದು ಕೆಳಗೆ ಜಾರಿ ಎಲ್ಲೆಲ್ಲೋ ಅಲೆಯುತ್ತಿತ್ತು.

"ನಿಮ್ಮ ಕಣ್ಣಿಗೇನೂ ಆಗಿಲ್ಲ ಮೇಡಂ. ಓದೋಕೆ ಬರ್ದೇ ಇದ್ದಾಗ ಎಲ್ಲರ ಕಣ್ಣೂ ಹೀಗೇ ಅಲೆಯುತ್ತೆ. ಕಣ್ಣು ಅಲೆಯೋದ್ರಿಂದ ಓದು ಬರಲ್ಲ ಅಂತಲ್ಲ, ಓದು ಬರ್ದೇ ಇರೋದ್ರಿಂದ ಕಣ್ಣು ಅಲೆಯುತ್ತೆ. ಅವತ್ತು ನಾನು ಕೊನೆಯಲ್ಲಿ ಹೇಳಿದ್ದೇ ಇದು. ಆ ಆಟ ಆಡಿದ್ರೆ ಆಟ ಚೆನ್ನಾಗಿ ಬರುತ್ತೆ, ಓದು ಬರುತ್ತೆ ಅನ್ನೋಕೆ ಆಧಾರ ಸಾಲದು ಅಂತ."

ನಾನು ಎದ್ದು ಬಂದ ಮೇಲೆ ಹೇಳಿದ್ದಕ್ಕೆ ನಾನು ಹೊಣೆಯೇ? ಇದನ್ನು ನಿಲ್ಲಿಸಿ, ಇಷ್ಟೊಂದು ಆಡಿಸಬಾರದು ಎಂದು ಬೇರೆ ಹೇಳಿದರು. ಮೀಸೆ ಸರಿಯಾಗಿ ಮೂಡದ ಹುಡುಗ, ಮಕ್ಕಳಿಲ್ಲ ಮರಿಯಿಲ್ಲ. ನನ್ನ ಮಗಳ ಕಣ್ಣಿನ ಪ್ರಿಂಟು ಕೈಯಲ್ಲೇ ಇದೆ, ಒಂದು ತಪ್ಪಿಲ್ಲ. ಇದರ ಮುಂದೆ ಯಾರ ಮಾತು ಏನು ಕೇಳಲಿ?

ನವೆಂಬರ್ 10, ಸೋಮವಾರ

ಶಾಲೆಯಲ್ಲಿ ಓದಿಸಿದರು. ನನ್ನನ್ನೂ ಕರೆದಿದ್ದರು. ಮಿಣುಕಿ ನೆಟ್ಟಗೆ ಕೂತು ಪುಸ್ತಕ ತೆರೆದಳು. ಕಣ್ಣು ಎಡದಿಂದ ಬಲಕ್ಕೆ, ಮತ್ತೆ ಕೆಳಗಿನ ಸಾಲು, ಮತ್ತೆ ಎಡದಿಂದ ಬಲಕ್ಕೆ, ಮಗ್ಗದ ಲಾಳಿ ಹೋಗಿ ಬಂದಂತೆ. ಬಾಯಿಯೂ ನಿಲ್ಲಲಿಲ್ಲ. ಒಂದು ಊರಿನಲ್ಲಿ ಒಂದು ನರಿ ಇತ್ತು, ಅದಕ್ಕೆ ಬಾವಿ ಸಿಕ್ಕಿತು, ಅದು ಒಳಗೆ ಇಣುಕಿತು ಎಂದು ತಡೆಯಿಲ್ಲದೆ ಓದಿಕೊಂಡು ಹೋದಳು. ನನ್ನ ಕಣ್ಣಲ್ಲಿ ನೀರು ತುಂಬಿತು. ಕ್ಲಾಸ್ ಟೀಚರ್ ಕೂಡ ಮುಂದಕ್ಕೆ ಬಾಗಿದರು.

ಓದಿನ ಟೀಚರ್ ಪುಸ್ತಕವನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದರು. ಅದು ಹಡಗು ಕಟ್ಟುವ ಬಗೆಗಿನ ಪಾಠ. ನರಿಯಿಲ್ಲ, ಬಾವಿಯಿಲ್ಲ. ಅವಳು ಓದಿದ್ದರಲ್ಲಿ ಒಂದು ಪದವೂ ಅಲ್ಲಿರಲಿಲ್ಲ.

"ಅವಳು ಓದ್ತಿಲ್ಲ, ನಿಮಗೋಸ್ಕರ ಓದೋ ಥರ ಮಾಡ್ತಿದ್ದಾಳೆ" ಎಂದರು ಅವರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕೇ ನನಗೆ ಮೈ ಉರಿಯಿತು. ದಾರಿಯುದ್ದಕ್ಕೂ ನಾನು ಮುಂದೆ ಮುಂದೆ ನಡೆದೆ. ಅವಳು ನನ್ನ ಕೈ ಹಿಡಿಯಲು ಬಂದಳು, ಬಿಡಿಸಿಕೊಂಡೆ. "ಕಣ್ಣು ತಪ್ಪಲಿಲ್ಲ ಅಲ್ವಾ?" ಎಂದಳು. ಕಣ್ಣು ತಪ್ಪಿರಲಿಲ್ಲ.

ಇನ್ನೂ ಸಾಲದು ಎಂದಷ್ಟೇ ಇದರ ಅರ್ಥ.

ನವೆಂಬರ್ 12, ಬುಧವಾರ

ಸಣ್ಣ ಬಲ್ಬು ತೆಗೆದು ದೊಡ್ಡದು ಹಾಕಿಕೊಡಿ, ಗಾಡಿಯ ದೀಪದಂಥದ್ದು ಎಂದೆ. ಇವರು ಆಗಲ್ಲ ಎಂದರು. ಮದುವೆಯಾದಾಗಿನಿಂದ ನನಗೆ ಆಗಲ್ಲ ಎನ್ನುವ ಧೈರ್ಯ ಮಾಡದ ಮನುಷ್ಯ.

"ಆ ಹಲಗೆ ಮಾಡಿಕೊಟ್ಟಿದ್ದೇ ತಪ್ಪಾಯ್ತು ಅನ್ಸುತ್ತೆ ಕಣೇ. ಮೂರು ದಿನದಿಂದ ನನ್ನ ಮಗಳು ನನ್ನ ಮುಖ ನೋಡಿ ಮಾತಾಡಿಲ್ಲ."

ಹಾಗಾದರೆ ಅವಳು ಚಿಕ್ಕ ಮಕ್ಕಳ ಜೊತೆ ಕೂತು ಅವಮಾನ ಪಡಲಿ, ನಿಮಗೆ ಮುಖ ನೋಡಿ ಮಾತಾಡಲಿ ಎಂದೆ. ಎದ್ದು ಹೋದರು. ಬಲ್ಬು ನಾನೇ ಕೊಂಡು ತಂದು ನಾನೇ ಕೂರಿಸಿದೆ. ಮೊದಲ ಸಲ ಉರಿಸಿದಾಗ ನನ್ನ ಕಣ್ಣೇ ಅತ್ತ ಓಡಿತು. ಅವಳದು ಓಡಲಿಲ್ಲ.

ನವೆಂಬರ್ 17, ಸೋಮವಾರ

ಅತ್ತೆ ತಮ್ಮ ಮಗಳ ಮನೆಗೆ ಹೊರಟುಹೋದರು. ಇದನ್ನೆಲ್ಲ ನೋಡೋಕೆ ನನ್ನ ಕೈಲಿ ಆಗಲ್ಲ ಎಂದು ಬಟ್ಟೆ ತುಂಬಿಕೊಂಡರು. ಹೊರಡುವಾಗ ಬಾಗಿಲಲ್ಲಿ ನಿಂತು ಮಿಣುಕಿ, ಮಿಣುಕಿ ಎಂದು ಕರೆದರು. ಅವಳು ಕಿಟಕಿ ನೋಡುತ್ತ ನಿಂತಿದ್ದಳು, ತುಟಿಯಂಚಿನಲ್ಲಿ ಆ ನಗು. ಗೆದ್ದೆ ಅಂದುಕೊಂಡಿದ್ದಾಳೆ ಎಂದು ನನಗೆ ಗೊತ್ತಾಯಿತು. ಅತ್ತೆಗೆ ಹೇಳಲಿಲ್ಲ. ಅವರು ಕಣ್ಣೊರೆಸಿಕೊಳ್ಳುತ್ತ ಹೊರಟರು.

ಶಾಲೆಯಿಂದ ಇನ್ನು ಒಬ್ಬಳೇ ಬರಲಿ. ದೂರವೇನಿಲ್ಲ, ಬೇಕರಿ ತಿರುವು ದಾಟಿದರೆ ಮನೆ. ಅತ್ತ ಇತ್ತ ನೋಡದೆ ನೆಟ್ಟಗೆ ಬಾ ಎಂದು ಹೇಳಿದ್ದೇನೆ. ಹೇಳಿದ್ದು ಕೇಳುವ ಮಗು.

ನವೆಂಬರ್ 20, ಗುರುವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬರೆಯದೆ ಕೂತರೆ ಹುಚ್ಚು ಹಿಡಿಯುತ್ತದೆ.

ಮೋಡ ಕವಿದು ಸಂಜೆಗೆ ಮೊದಲೇ ಕತ್ತಲಾಗಿತ್ತು. ನಾನು ಒಬ್ಬ ಮುದುಕರಿಗೆ ಚುಕ್ಕಿ ನೋಡಿ, ಚುಕ್ಕಿ ನೋಡಿ ಎನ್ನುತ್ತಿದ್ದೆ. ಫೋನ್ ಬಂತು. ಬೇಕರಿಯಾಕೆ. ಬೇಗ ಬನ್ನಿ, ನಿಮ್ಮ ಮಗಳಿಗೆ ಮೋಟಾರ್ ಸೈಕಲ್ ಬಡೀತು ಎಂದರು. ಮುದುಕರ ಗಲ್ಲ ಸ್ಟ್ಯಾಂಡಿನ ಮೇಲೇ ಇತ್ತು, ನಾನು ಓಡಿದೆ.

ಎಡಗೈ ಎರಡು ಕಡೆ ಮುರಿದಿದೆ. ತಲೆ ಕಲ್ಲಿನ ಅಂಚಿಗೆ ಬಡಿದು ಕಿವಿಯ ಹಿಂದೆ ಹೊಲಿಗೆ ಹಾಕಿದ್ದಾರೆ. ಜೀವಕ್ಕೆ ಅಪಾಯವಿಲ್ಲ ಎನ್ನುತ್ತಾರೆ, ಆದರೆ ತಲೆಗೆ ಪೆಟ್ಟು ಬಿದ್ದಿರುವುದರಿಂದ ನಾಳೆವರೆಗೆ ನೋಡಬೇಕಂತೆ. ಇವರು ಕಾರಿಡಾರಿನಲ್ಲಿ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದಾರೆ. ಅತ್ತೆಗೆ ಹೇಳಿಕಳಿಸಿದ್ದೇವೆ.

ಬೇಕರಿಯಾಕೆ ಆಸ್ಪತ್ರೆವರೆಗೂ ಜೊತೆಗೆ ಬಂದಿದ್ದರು, ಕೈಗೆ ಮೆತ್ತಿದ ಹಿಟ್ಟು ಹಾಗೇ ಇತ್ತು. ಗಾಡಿಯವನದೇನೂ ತಪ್ಪಿಲ್ಲ ಎಂದರು. ಗಲ್ಲಿಯಿಂದ ದೀಪ ಹಾಕಿಕೊಂಡು ಬಂದ, ಹಾರ್ನ್ ಹೊಡೆದ.

"ನಾನೂ ಕೂಗಿದೆ, ಮಗು ಅಲ್ನೋಡು ಅಂತ. ಕೇಳಿಸ್ತು ಅವಳಿಗೆ, ನಿಂತ್ಕೊಂಡ್ಳು. ಆಮೇಲೆ ಈ ಕಡೆ ತಿರುಗಿ ನಮ್ಮ ಅಂಗಡಿ ಗೋಡೆ ನೋಡಿ ನಕ್ಕಳು. ನಗ್ತಾನೇ ಕಾಲಿಟ್ಟಳು. ಯಾಕೆ ಅಂತ ನಂಗೆ ಗೊತ್ತಾಗ್ತಿಲ್ಲ."

ನಾನು ಮಿಣುಕಿಯ ಹತ್ತಿರ ಹೋದೆ.

ಕೈಗೆ ಪಟ್ಟಿ ಹಾಕುವಾಗ ಎಚ್ಚರವಾಗಿದ್ದಳು. ನಾನು ಹಣೆ ಸವರಿದೆ. ನೋವಿನಲ್ಲೂ ಅವಳಿಗೆ ನನಗೆ ಹೇಳಬೇಕಾದ್ದು ಒಂದಿತ್ತು. "ತುಂಬಾ ದೊಡ್ಡ ಬೆಳಕು ಬಂತಮ್ಮ. ಆ ಆಂಟೀನೂ ಕರೆದ್ರು. ನಾನು ನೋಡ್ಲೇ ಇಲ್ಲ."

ನವೆಂಬರ್ 21, ಶುಕ್ರವಾರ

ಬೆಳಿಗ್ಗೆ ವಾರ್ಡಿಗೆ ಡಾಕ್ಟರ್ ಬಂದರು. ಇವರು, ಅತ್ತೆ, ನಾನು ಮೂವರೂ ಮಂಚದ ಸುತ್ತ ನಿಂತಿದ್ದೆವು. ಅತ್ತೆ ನನಗೆ ಒಂದು ಮಾತೂ ಆಡಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಡಾಕ್ಟರ್ ಜೇಬಿನಿಂದ ಪೆನ್ನಿನಂಥ ಟಾರ್ಚು ತೆಗೆದು, ಎಲ್ಲಿ ಪುಟ್ಟಿ, ಬೆಳಕು ನೋಡು ಎಂದರು. ಎಡಕ್ಕೆ ಹಿಡಿದರು. ಅವಳ ಕಣ್ಣು ಬಲಕ್ಕೆ ಹೋಯಿತು. ಬಲಕ್ಕೆ ಹಿಡಿದರು. ಎಡಕ್ಕೆ ಹೋಯಿತು. ಮೇಲೆ ಹಿಡಿದರು, ಹೊದಿಕೆ ನೋಡಿದಳು. ಡಾಕ್ಟರ ಮುಖದ ನಗು ಆರಿತು. ಮತ್ತೊಮ್ಮೆ ಮಾಡಿದರು, ನಿಧಾನವಾಗಿ. ಆಮೇಲೆ ನರ್ಸಿನ ಕಿವಿಯಲ್ಲಿ ಏನೋ ಹೇಳಿದರು, ನರ್ಸು ಓಡಿದಳು. ಹಿರಿಯ ಡಾಕ್ಟರನ್ನು ಕರೆಯಬೇಕು, ಮಿದುಳಿನ ಸ್ಕ್ಯಾನ್ ಈಗಲೇ ಆಗಬೇಕು ಎಂದರು. ಇವರು ಮಂಚದ ಸರಳು ಹಿಡಿದುಕೊಂಡರು. ಅತ್ತೆ ನನ್ನನ್ನೇ ನೋಡುತ್ತಿದ್ದರು.

ಮಿಣುಕಿಯ ತುಟಿಯಂಚಿನಲ್ಲಿ ಆ ನಗು ಇತ್ತು. ಹತ್ತಕ್ಕೆ ಹತ್ತು ಬಂದಾಗ ನಗುವ ನಗು.

"ತಲೆಗೆ ಏನೂ ಆಗಿಲ್ಲ ಡಾಕ್ಟ್ರೇ" ಎಂದೆ. "ಇದು ನಾನು ಕಲಿಸಿದ್ದು."

ಅವರಿಗೆ ಅರ್ಥವಾಗಲಿಲ್ಲ. ಹೇಗೆ ಅರ್ಥವಾಗಬೇಕು? ಹಲಗೆ, ಬಲ್ಬು, ಚುಕ್ಕಿ ಎಂದು ನಾನು ತೊದಲಿದೆ. ಕೊನೆಗೆ ಅವರು ಟಾರ್ಚನ್ನು ನನ್ನ ಕೈಗೇ ಕೊಟ್ಟು, ಹಾಗಿದ್ದರೆ ನೀವೇ ಹೇಳಿ, ನೀವು ಹೇಳಿದರೆ ನೋಡುತ್ತಾಳಲ್ಲ ಎಂದರು.

ನಾನು ಬೆಳಕು ಹಿಡಿದೆ. ಆಟ ಮುಗೀತು ಮಿಣುಕಿ, ಬೆಳಕು ಬಂದ ಕಡೆ ನೋಡಮ್ಮ ಎಂದೆ. ಅವಳು ಇನ್ನೊಂದು ಕಡೆ ನೋಡಿದಳು. ಆಟ ಅಲ್ಲ ಕಂದಾ, ನಿಜವಾಗಿ ಹೇಳ್ತಿದ್ದೀನಿ ಎಂದೆ. ಈ ಮಾತನ್ನೂ ಹಲಗೆಯ ಮುಂದೆ ಎಷ್ಟು ಸಲ ಹೇಳಿ ಅವಳನ್ನು ಸೋಲಿಸಲು ನೋಡಿದ್ದೆನೋ, ಹೇಳುತ್ತಿದ್ದಂತೆಯೇ ನೆನಪಾಯಿತು. ಟಾರ್ಚು ಕೆಳಗಿಟ್ಟು ಅವಳ ಮುಖದ ಹತ್ತಿರ ಬಗ್ಗಿದೆ. ನನಗೆ ಅಳು ತಡೆಯಲಾಗಲಿಲ್ಲ.

"ಮಿಣುಕಿ, ಇಲ್ನೋಡು. ಅಮ್ಮನ್ನ ನೋಡು."

"ತಪ್ಪಿಸೋಕೆ ಹೇಳ್ತಿದ್ದೀಯ," ಎಂದಳು ಅವಳು, ಗೋಡೆ ನೋಡುತ್ತ. "ನಂಗೊತ್ತು."

ಸ್ಕ್ಯಾನಿಗೆ ಕರೆದುಕೊಂಡು ಹೋಗಿ ಬಂದರು. ಒಳಗೆ ಪೆಟ್ಟಿಲ್ಲವಂತೆ. ಇವರು ಮನೆಗೆ ಹೋಗಿ ಹಲಗೆ ಮುರಿದು ಹಾಕಿ, ಕಪಾಟಿನ ಮೇಲಿದ್ದ ಅಕ್ಷರದ ಬಿಲ್ಲೆಗಳನ್ನು ತಂದಿದ್ದಾರೆ. ಅತ್ತೆ ಅವನ್ನು ಹೊದಿಕೆಯ ಮೇಲೆ ಹರಡುತ್ತಿದ್ದಾರೆ. ನಾನು ಮಂಚದ ಎಡಗಡೆ ಕೂತಿದ್ದೇನೆ. ಆಗಿನಿಂದ ಕರೆಯುತ್ತಲೇ ಇದ್ದೇನೆ. ಅವಳು ಒಮ್ಮೆಯೂ ತಪ್ಪಿಲ್ಲ.